ಹೋಬಳಿಯ ಶಾಲೆ, ಹೋಬಳಿಯ ಶಾಸನ: ಮೈಸೂರು ಸೀಮೆಯ ಬೋಧನಕ್ರಮದಲ್ಲಿ ಜಿಜ್ಞಾಸೆಯ ಸ್ಥಾನ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಬಾಗೂರು ಒಂದು ಹೋಬಳಿಯ ಕೇಂದ್ರಸ್ಥಾನ. ಶ್ರವಣಬೆಳಗೊಳ, ನುಗ್ಗೇಹಳ್ಳಿ, ಹಿರೀಸಾವೆ, ದಂಡಿಗನಹಳ್ಳಿ ಇವು ಅದೇ ತಾಲ್ಲೂಕಿನ ಇತರ ಹೋಬಳಿಗಳು. ಹೋಬಳಿಯೆಂಬ ಮಾತು ಕಂದಾಯದ ಕಾಗದಪತ್ರಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ಇಂದಿನ ವಾಚಕರಿಗೆ ತೋರಬಹುದು. ಆದರೆ ಮೈಸೂರು ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಅದಕ್ಕೆ ಬೇರೊಂದು ಮಹತ್ತ್ವವುಂಟು. ಹೋಬಳಿಗೊಂದು ಶಾಲೆ ಇರತಕ್ಕದ್ದೆಂಬ ಯೋಜನೆ ೧೮೬೮ರಲ್ಲಿ ಮಂಜೂರಾಯಿತು. ಅಲ್ಲಿಂದ ಮೂವತ್ತನಾಲ್ಕು ವರ್ಷಗಳ ತರುವಾಯ, ೧೯೦೨ರಲ್ಲಿ, ಹಾಸನ ಜಿಲ್ಲೆಯ ಶಾಸನಗಳು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟವಾಗಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದುವು. ಯಾವ ಕಲ್ಲು ಯಾವ ತಾಲ್ಲೂಕಿನ ಯಾವ ಗ್ರಾಮದಲ್ಲಿ, ಗುಡಿಯ ಯಾವ ಮಗ್ಗುಲಲ್ಲಿ ನಿಂತಿದೆಯೆಂಬುದು ಅಲ್ಲಿ ನಮೂದಾಗಿದೆ. ಹೋಬಳಿಗಳಿಗೆ ಶಾಲೆಯನ್ನು ಯೋಜಿಸಿದವರೂ, ಅದೇ ಹೋಬಳಿಗಳ ಕಲ್ಲುಗಳನ್ನು ಓದಿಸಿ ಪ್ರಕಟಿಸಿದವರೂ ಒಬ್ಬರೇ, ಬೆಂಜಮಿನ್ ಲೂಯಿ ರೈಸ್.

ಒಬ್ಬನೇ ವ್ಯಕ್ತಿಯ ಈ ಎರಡು ಕಾರ್ಯಗಳು ಒಂದನ್ನೊಂದು ಸಂಧಿಸದೆ ಹೋದುದೇ ಪ್ರಕೃತ ಲೇಖನದ ವಿಷಯ. ಒಂದು ಕಾರ್ಯ ಮಕ್ಕಳಿಗೆ ಓದುಬರಹವನ್ನು ತಂದಿತು. ಇನ್ನೊಂದು, ನಾಡಿನ ಪೂರ್ವಚರಿತ್ರೆಯನ್ನು ಕಟ್ಟುವುದಕ್ಕೆ ಬೇಕಾದ ಪ್ರಮಾಣಗಳನ್ನು ಕಲೆಹಾಕಿತು. ಶಾಲೆಯ ಬಾಗಿಲಿಂದ ಕೂಗಳತೆಯಲ್ಲಿ ಶಾಸನವಿದ್ದ ಊರುಗಳು ಮೈಸೂರು ಸೀಮೆಯಲ್ಲಿ ಎಷ್ಟೋ ಇದ್ದುವು. ಆದರೂ ಆ ಕಲ್ಲನ್ನು ಪಾಠವಾಗಿ ಮಾಡಬೇಕೆಂಬುದು ಶಾಲೆಯ ಕ್ರಮದೊಳಕ್ಕೆ ಬರಲಿಲ್ಲ. ಕಲ್ಲಿನಿಂದ ವಿದ್ವಾಂಸರು ತೆಗೆದ ಫಲಿತಾಂಶ ಮಾತ್ರ, ಬಹುಕಾಲದ ಮೇಲೆ, ಪಠ್ಯಪುಸ್ತಕದ ಒಂದು ವಾಕ್ಯವಾಗಿ ಒಳಹೊಕ್ಕಿತು.

ಇದರಿಂದ ಆಗಿರುವ ನಷ್ಟವೇನೆಂಬುದನ್ನು ಕಾಲೇಜಿನ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಪ್ರಸಿದ್ಧವಾದುದು ಯಾವುದೆಂದು ಕೇಳಿದರೆ, ಹಲ್ಮಿಡಿ, ಕ್ರಿ. ಶ. ೪೫೦ ಎಂದು ನಮ್ಮ ವಿದ್ಯಾರ್ಥಿಗಳು ತಟಕ್ಕನೆ ಹೇಳುತ್ತಾರೆ. ಹಾಸನ ಜಿಲ್ಲೆಯವರಂತೂ ಸಹಜವಾದ ಅಭಿಮಾನದಿಂದ ಹೇಳುತ್ತಾರೆ. ಆದರೆ ಬೇಲೂರು ತಾಲ್ಲೂಕಿನ ಆ ಕಲ್ಲಿನಲ್ಲಿ ೪೫೦ ಎಂಬ ಸಂಖ್ಯೆಯಾಗಲಿ ಬೇರೆ ಯಾವ ಕಾಲಸೂಚನೆಯಾಗಲಿ ಇಲ್ಲ. ೧೯೩೬ರಲ್ಲಿ ಅದನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣರೂ ಅನಂತರದ ವಿದ್ವಾಂಸರೂ ಲಿಪಿಯ ರೂಪ, ಭಾಷೆಯ ಸ್ಥಿತಿ, ಕಾಕುಸ್ಥ ಮೊದಲಾದ ಹೆಸರುಗಳು ಇವನ್ನು ತೂಗಿನೋಡಿ ಕಾಲವನ್ನು ಊಹಿಸಿದರು. ಇದರಲ್ಲಿ ಭಿನ್ನಾಭಿಪ್ರಾಯಗಳಿಗೂ ಎಡೆಯಾಯಿತು. ಅಂದಮೇಲೆ ೪೫೦ ಎಂಬುದು ಒಂದು ವಾದದ ತೀರ್ಮಾನ. ವಾದವನ್ನು ಬಿಟ್ಟು ತೀರ್ಮಾನವನ್ನು ಮಾತ್ರ ಕಲಿತ ವಿದ್ಯಾರ್ಥಿ, ನಾಳೆ ಬೇರೊಬ್ಬರು ಬೇರೊಂದು ಸಂಖ್ಯೆಯನ್ನು ಅಷ್ಟೇ ಗಟ್ಟಿಯಾಗಿ ಹೇಳಿದರೆ ಯಾವುದನ್ನು ಒಪ್ಪಬೇಕೆಂದು ಹೇಗೆ ನಿರ್ಣಯಿಸಬೇಕು? ಧ್ವನಿ ದೊಡ್ಡದಾದ ಕಡೆಗೆ ಅವನು ವಾಲುವುದು ಅನಿವಾರ್ಯ.

ವಿದ್ಯಾರ್ಥಿಕೇಂದ್ರಿತ ಬೋಧನೆ ಎಂಬ ಮಾತು ಈಚೆಗೆ ವಿದ್ಯಾಭ್ಯಾಸಶಾಸ್ತ್ರದ ಗ್ರಂಥಗಳಲ್ಲಿ ಬಹಳವಾಗಿ ಕಾಣುತ್ತದೆ. ಅದರ ಒಳಗೆ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆಯೆಂದು ನಮಗೆ ತೋರುತ್ತದೆ. ಗುರು ಹೇಳುತ್ತ ಹೋಗುವುದಕ್ಕೆ ಬದಲಾಗಿ ವಿದ್ಯಾರ್ಥಿಯೇ ಬರೆದು, ಎಣಿಸಿ, ಜೊತೆಗಾರನಿಗೆ ಕಲಿಸಿ ಕೆಲಸದಲ್ಲಿ ತೊಡಗುವುದು ಒಂದು. ವಿದ್ಯಾರ್ಥಿ ತನ್ನ ಮುಂದಿರುವ ಮಾತು ನಿಜವೇ, ಹೇಗೆ ಗೊತ್ತು, ಯಾರು ಹೇಳಿದರು ಎಂದು ಕೇಳುವುದು ಇನ್ನೊಂದು. ಮೊದಲನೆಯದು ಕ್ರಿಯೆ, ಎರಡನೆಯದು ಜಿಜ್ಞಾಸೆ. ಮೊದಲನೆಯದು ಇದ್ದ ಕಡೆ ಎರಡನೆಯದು ತಾನಾಗಿಯೇ ಬರುವುದೆಂದು ಸುಧಾರಕರು ಮತ್ತೆ ಮತ್ತೆ ನಂಬಿದ್ದಾರೆ. ನಮ್ಮ ನಾಡಿನ ಚರಿತ್ರೆ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ.

ಹಳೆಯ ಕೂಲಿಮಠವನ್ನೇ ಮೊದಲು ನೋಡೋಣ. ಅದರ ಬಗ್ಗೆ ನಮಗಿರುವ ಬೆಲೆಯುಳ್ಳ ವರದಿಗಳಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಮದರಾಸು ಸರ್ಕಾರಕ್ಕೆ ಬರೆದುದೂ ಒಂದು. ಗವರ್ನರ್ ಮನ್ರೋ ಹಿಂದಿನ ವರ್ಷ ಆರಂಭಿಸಿದ್ದ ವಿಚಾರಣೆಗೆ ಉತ್ತರವಾಗಿ ಅದು ಸಿದ್ಧವಾಯಿತು. ಬಳ್ಳಾರಿ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಶಾಲೆಗಳ ಪೈಕಿ ೨೩೫ರಲ್ಲಿ ಕನ್ನಡ, ೨೨೬ರಲ್ಲಿ ತೆಲುಗು ಕಲಿಸುತ್ತಿದ್ದರು. ಅಷ್ಟು ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ೬೦ ಮಂದಿ ಮಾತ್ರ. ಬಳ್ಳಾರಿ ಮೈಸೂರಿನ ಆಳ್ವಿಕೆಯಲ್ಲಿರಲಿಲ್ಲವಾದರೂ ಅಲ್ಲಿನ ಕನ್ನಡ ಮಠಗಳ ಬಾಳು ಇಲ್ಲಿನವಕ್ಕಿಂತ ಬಹು ಭಿನ್ನವಾಗಿದ್ದಿರಲಾರದು.

ಮಗು ಮೊದಲು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಓಲೆಯ ಮೇಲೆ ಕಂಟದಿಂದಲೋ ಕಡತದ ಮೇಲೆ ಬಳಪದಿಂದಲೋ ಬರೆಯುವುದು, ಇವೆಲ್ಲ ಆ ವರದಿಯಲ್ಲಿವೆ. ಕಡತವೆಂದರೆ ಹುಣಿಸೆಬೀಜದ ಅಂಟು ಮತ್ತು ಇದ್ದಲ ಪುಡಿಯನ್ನು ಬಳಿದು ಕಪ್ಪುಮಾಡಿ ಮಡಿಸಿದ ಬಟ್ಟೆ. ಅದನ್ನು ಅಳಿಸಿ ಮತ್ತೆ ಬರೆಯಬಹುದು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಹೀಗೆ ಕಲಿಸುವುದರಿಂದ ಕಲಿಸುವವನ ತಿಳಿವಳಿಕೆಯೂ ಗಟ್ಟಿಯಾಗುತ್ತದೆಯೆಂದು ಕ್ಯಾಂಬೆಲ್ ಮೆಚ್ಚಿದ್ದಾನೆ. ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿರುವುದು ಯುಕ್ತವೆಂದೂ ಹೇಳಿದ್ದಾನೆ. ಅವನ ಮನಸ್ಸಿನಲ್ಲಿದ್ದುದು ಆಂಡ್ರೂ ಬೆಲ್ಲನ ಪದ್ಧತಿಯಾಗಿರಬೇಕು. ಮದರಾಸಿನ ಎಗ್ಮೂರಿನ ಅನಾಥಾಲಯದಲ್ಲಿ ೧೭೮೯ರಿಂದ ಕೆಲಸಮಾಡಿದ ಬೆಲ್, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಅಲ್ಲಿ ಬೆಳೆಸಿದನು. ತಾಯ್ನಾಡಿಗೆ ಹಿಂದಿರುಗಿ ೧೭೯೭ರಲ್ಲಿ ಅದರ ಬಗ್ಗೆ ಪುಸ್ತಕ ಬರೆದನು. 'ಮದರಾಸು ಪದ್ಧತಿ'ಯೆಂಬ ಹೆಸರಿನಿಂದ ಅದು ಇಂಗ್ಲೆಂಡಿನ ಸಾವಿರಾರು ಬಡಮಕ್ಕಳ ಶಾಲೆಗಳಿಗೆ ಹರಡಿತು.

ಇಂದಿನ ಗ್ರಂಥಗಳು ಕೊಂಡಾಡುವ 'ಗೆಳೆಯರಿಂದ ಕಲಿಕೆ' ನಮ್ಮ ಜಗಲಿಗಳ ಮೇಲೆ ಇನ್ನೂರು ವರ್ಷಗಳ ಹಿಂದೆಯೇ ಇತ್ತೆಂದು ಇದರಿಂದ ಸಂತೋಷಪಡಬಹುದು. ಆದರೆ ಕ್ಯಾಂಬೆಲ್ಲನ ಮುಂದಿನ ಮಾತನ್ನೂ ಓದಬೇಕು. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳು ಆಡುಮಾತಿಗೆ ದೂರವಾದ ಗ್ರಂಥಭಾಷೆಯಲ್ಲಿದ್ದುವು. ಅವುಗಳ ಅರ್ಥ ಹುಡುಗರಿಗಿರಲಿ, ಅನೇಕ ವೇಳೆ ಉಪಾಧ್ಯಾಯರಿಗೇ ತಿಳಿಯುತ್ತಿರಲಿಲ್ಲವೆಂಬುದು ಅವನ ಆಕ್ಷೇಪಣೆ. ವಿದೇಶೀಯ ಅಧಿಕಾರಿಯ ಪೂರ್ವಗ್ರಹವೆಂದು ಇದನ್ನು ತಳ್ಳಿಹಾಕುವವರುಂಟು. ನಾವು ಹಾಗೆ ಮಾಡಲಾರೆವು. ಪದ್ಧತಿಯ ಗುಣವನ್ನು ಅಷ್ಟು ಸ್ಪಷ್ಟವಾಗಿ ಕಂಡು ಮೆಚ್ಚಿದವನು, ಜನರ ಬಡತನ ಹೆಚ್ಚಿದುದೇ ಶಾಲೆಗಳ ಕ್ಷೀಣತೆಗೆ ಕಾರಣವೆಂದು ತನ್ನ ಸರ್ಕಾರಕ್ಕೇ ನೇರವಾಗಿ ಬರೆದವನು, ದೋಷವನ್ನು ಮಾತ್ರ ಕಲ್ಪಿಸಿ ಹೇಳಿದನೆನ್ನುವುದು ನ್ಯಾಯವಲ್ಲ. ಕೂಲಿಮಠದಲ್ಲಿ ಕ್ರಿಯೆಯಿತ್ತು, ಸಹಕಾರವಿತ್ತು. ಹಿರಿಯ ಹುಡುಗನು ಕಿರಿಯನಿಗೆ ಕೊಟ್ಟದ್ದು ಮಾತ್ರ ತಾನು ಪ್ರಶ್ನೆಯಿಲ್ಲದೆ ಪಡೆದುದನ್ನೇ.

ಹಾಗಾದರೆ ಪ್ರಶ್ನೆ ನಮ್ಮಲ್ಲಿ ಇರಲೇ ಇಲ್ಲವೆ? ಇತ್ತು, ಬೇರೆ ಎಡೆಯಲ್ಲಿ. ನ್ಯಾಯಶಾಸ್ತ್ರವು ಮಾತುಕತೆಯನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ, ಗುರುಶಿಷ್ಯರ ನಡುವೆಯೂ ನಡೆಯಬಹುದಾದುದು ವಾದ. ಗೆಲ್ಲಬೇಕೆಂಬ ಹಟದಿಂದ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡ. ಎದುರಿನವನ ಮಾತನ್ನು ಪೂರ್ವಪಕ್ಷವಾಗಿ ಮೊದಲು ಇಟ್ಟು ಆಮೇಲೆ ಸಿದ್ಧಾಂತಕ್ಕೆ ಬರುವ ಶಿಸ್ತು ಶಾಸ್ತ್ರಗ್ರಂಥಗಳ ಪುಟಪುಟದಲ್ಲಿಯೂ ಇದೆ. ಬಾಗೂರಿನ ತಾಲ್ಲೂಕಿನಲ್ಲಿಯೇ ಇದಕ್ಕೊಂದು ಶಿಲಾಸಾಕ್ಷ್ಯವುಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ೧೧೨೯ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರ ವಾದವಿಜಯಗಳನ್ನು ಹೊಗಳುತ್ತದೆ. ಆದರೆ ಅಲ್ಲಿ ಹೊಗಳಿಕೆಗೆ ಪಾತ್ರವಾಗಿರುವುದು ವಿಜಯ. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ವಾದಕ್ಕಿಂತ ಜಲ್ಪ. ಇದಲ್ಲದೆ ಈ ಶಿಸ್ತು ಶಾಸ್ತ್ರಾಧಿಕಾರವಿದ್ದ ಕೆಲವರ ಸೊತ್ತಾಗಿದ್ದಿತು. ಅಕ್ಷರ ಕಲಿಯುವ ಒಕ್ಕಲಿಗನ ಅಥವಾ ವರ್ತಕನ ಮಗನಿಗೆ ಪೂರ್ವಪಕ್ಷವೆಂಬುದೊಂದುಂಟೆಂದು ತಿಳಿಯುವ ಸಂದರ್ಭವೇ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ರೈಸರ ಕಾರ್ಯವನ್ನು ನೋಡಬೇಕು. ೧೮೩೭ರಲ್ಲಿ ಬೆಂಗಳೂರಿನಲ್ಲಿ ಮಿಷನರಿಯೊಬ್ಬರ ಮಗನಾಗಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ೧೮೬೦ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಂದ ಅವರು ೧೮೬೫ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರಾದರು. ಮುಂದೆ ವಿದ್ಯಾಭ್ಯಾಸ ಇಲಾಖೆಯ ನಿರ್ದೇಶಕರೂ ಆದರು. ಹೋಬಳಿ ಶಾಲೆಗಳು ಬರುವುದಕ್ಕೆ ಮೊದಲು ಸರ್ಕಾರದ ವಿದ್ಯಾಭ್ಯಾಸವು ಪಟ್ಟಣಗಳನ್ನು ದಾಟಿ ಹೆಚ್ಚು ದೂರ ಹೋಗಿರಲಿಲ್ಲ. ಆದುದರಿಂದ ಅವರ ಯೋಜನೆಯ ಹಿರಿಮೆಯನ್ನು ಕಡಮೆಮಾಡುವುದು ನಮ್ಮ ಉದ್ದೇಶವಲ್ಲ. ಹಳ್ಳಿಯ ಮಗುವಿನ ಕೈಗೆ ಅಚ್ಚಾದ ಕನ್ನಡ ಪುಸ್ತಕ ಬಂದುದೇ ಒಂದು ದೊಡ್ಡ ಘಟನೆ. ಆದರೆ ಪುಸ್ತಕ ಬಂದ ಮೇಲೆ ಗಿಳಿಪಾಠದ ವಸ್ತು ಬದಲಾಯಿತು, ಗಿಳಿಪಾಠ ನಿಲ್ಲಲಿಲ್ಲ. ಊರೂರು ಸುತ್ತುವ ಇನ್ಸ್‌ಪೆಕ್ಟರಿಗೆ ಒಂದು ಶಾಲೆಯಲ್ಲಿ ಕಳೆಯಲು ದೊರೆಯುವುದು ಕೆಲವು ಗಂಟೆ. ಆ ಹೊತ್ತಿನಲ್ಲಿ ಅಳೆಯಲು ಸಾಧ್ಯವಾದುದು ಓದು, ಉಕ್ತಲೇಖನ, ಲೆಕ್ಕ. ಅಳೆಯಲು ಬರುವುದನ್ನೇ ಉಪಾಧ್ಯಾಯರು ಕಲಿಸಿದರೆಂದರೆ ಆಶ್ಚರ್ಯವೇನು!

ಅದೇ ಪ್ರವಾಸಗಳಲ್ಲಿ ರೈಸರು ಶಾಸನಗಳನ್ನು ಕಂಡರು. ಮೇಜರ್ ಡಿಕ್ಸನ್ ತೆಗೆದಿದ್ದ ಛಾಯಾಚಿತ್ರಗಳ ಆಧಾರದಿಂದ ೧೮೭೯ರಲ್ಲಿ ಅವರ 'ಮೈಸೂರು ಶಾಸನಗಳು' ಇಂಗ್ಲಿಷಿನಲ್ಲಿ ಹೊರಬಂದಿತು. ೧೮೮೫ರಲ್ಲಿ ಮೈಸೂರಿನಲ್ಲಿ ಪ್ರಾಕ್ತನ ಇಲಾಖೆ ಸ್ಥಾಪಿತವಾದಾಗ ಅದರ ಹೊಣೆ ಅವರದಾಯಿತು. ೧೯೦೬ರಲ್ಲಿ ನಿವೃತ್ತರಾಗುವ ವೇಳೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾಗಿದ್ದುವು. ಈ ಕೆಲಸದ ರೀತಿಯನ್ನು ಗಮನಿಸಿ. ಕಲ್ಲನ್ನು ತೊಳೆಯಬೇಕು, ಕಾಗದವನ್ನು ತೇವಮಾಡಿ ಅದರ ಮೇಲೆ ಹಾಸಿ ಕುಂಚದಿಂದ ಬಡಿದು ಮಸಿ ತಟ್ಟಿ ಪಡಿಯಚ್ಚು ತೆಗೆಯಬೇಕು, ಅಕ್ಷರವನ್ನು ಗುರುತಿಸಬೇಕು, ಸಂದೇಹವಿದ್ದ ಕಡೆ ಇದೆಯೆಂದು ತೋರಿಸಬೇಕು, ಬೇರೆ ಕಲ್ಲಿನೊಡನೆ ಹೋಲಿಸಬೇಕು. ನೋಡುವುದು, ಕೇಳುವುದು, ಹೋಲಿಸುವುದು, ತಡೆದು ತೀರ್ಮಾನಿಸುವುದು ಇವೆಲ್ಲ ಇಲ್ಲಿ ಒಟ್ಟಿಗೆ ಇವೆ. ಜಿಜ್ಞಾಸೆಯನ್ನು ಕಲಿಸುವ ಶಾಲೆಯೊಂದು ನಿಜವಾಗಿ ನಡೆಯುತ್ತಿತ್ತು. ಅದಕ್ಕೆ ವಿದ್ಯಾರ್ಥಿಗಳು ಮಾತ್ರ ಇರಲಿಲ್ಲ. ಇಲಾಖೆಯ ಪಂಡಿತರು ಇದ್ದರು.

ಎರಡು ದಾರಿಗಳು ಹತ್ತಿರ ಬಂದ ಕಾಲವೂ ಒಂದಿದೆ. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ಕೆಲವು ವರ್ಷಗಳಲ್ಲಿ ಪ್ರಾಕ್ತನ ಇಲಾಖೆಯ ವಾರ್ಷಿಕ ವರದಿಗಳು ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೇ ಹೊರಬರತೊಡಗಿದುವು. ಎಂ. ಎಚ್. ಕೃಷ್ಣರು ಚರಿತ್ರೆಯ ಪ್ರಾಧ್ಯಾಪಕರೂ ಆ ಇಲಾಖೆಯ ನಿರ್ದೇಶಕರೂ ಆಗಿದ್ದರು. ತರಗತಿಯಲ್ಲಿ ಪಾಠ ಹೇಳುವ ಬಾಯಿ, ಚಂದ್ರವಳ್ಳಿಯ ಮಣ್ಣನ್ನು ಅಗೆಸಿದ ಕೈ ಒಬ್ಬರದೇ ಆದುದು ಆ ಕಾಲದ ಭಾಗ್ಯ. ಇದೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಎಂ. ಡಬ್ಲ್ಯು. ಕೀಟಿಂಜ್, ಶಾಲಾ ಹುಡುಗರ ಮುಂದೆಯೇ ಮೂಲದಾಖಲೆಗಳನ್ನು ಇಟ್ಟು ಪ್ರಶ್ನೆಗಳ ಮೂಲಕ ಚರಿತ್ರೆಯನ್ನು ಕಲಿಸಬೇಕೆಂದು ೧೯೧೦ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ನಮ್ಮಲ್ಲಿ ದಾಖಲೆ ಕೈಗೆಟುಕುವಂತೆ ಊರೂರಿನಲ್ಲಿ ನಿಂತಿದ್ದರೂ ಅಂಥ ಪದ್ಧತಿ ಸ್ನಾತಕೋತ್ತರ ತರಗತಿಗಳ ಆಚೆಗೆ ಇಳಿಯಲಿಲ್ಲ.

ಸ್ವಾತಂತ್ರ್ಯಾನಂತರದ ಆಯೋಗಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ೧೯೪೮-೪೯ರ ರಾಧಾಕೃಷ್ಣನ್ ಆಯೋಗ ಕಾಲೇಜುಗಳಲ್ಲಿ ಉಪನ್ಯಾಸದ ಜೊತೆಗೆ ಸಣ್ಣ ಗುಂಪುಗಳ ಪಾಠ ಇರಬೇಕೆಂದಿತು. ೧೯೫೨-೫೩ರ ಮುದಲಿಯಾರ್ ಆಯೋಗ ಕ್ರಿಯಾಪದ್ಧತಿ, ಯೋಜನಾಪದ್ಧತಿಗಳನ್ನು ಶಿಫಾರಸುಮಾಡಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಜ್ಞಾನವನ್ನು ಮಗುವೇ ಕಟ್ಟಿಕೊಳ್ಳುತ್ತದೆಂಬ ತತ್ತ್ವವನ್ನು ಮುಂದಿಟ್ಟಿತು. ಶಿಫಾರಸುಗಳು ಬೆಳೆದಂತೆ ಪರೀಕ್ಷೆಯೂ ಬೆಳೆಯಿತು, ಗೆದ್ದದ್ದು ಪರೀಕ್ಷೆ.

ಹೆಚ್ಚು ಗಮನಕ್ಕೆ ಪಾತ್ರವಾದುದು ಕಾಗದದಿಂದ ತರಗತಿಗೆ ನಿಜವಾಗಿ ಇಳಿದ ಒಂದು ಪ್ರಯೋಗ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರ ಒಂದು ತಂಡ ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮಶಾಲೆಗಳಲ್ಲಿ ಹಲವು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಗತಿಯಲ್ಲಿ ಕಲಿಯುವುದನ್ನು ಕಂಡುಬಂದಿತು. ಆ ಮೇಲೆ ತಮ್ಮ ಮಕ್ಕಳಿಗೆ ಹೊಂದುವಂತೆ ರೂಪಿಸಿದ ಕ್ರಮವೇ ನಲಿ-ಕಲಿ. ೨೦೦೯-೧೦ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದು ಏಣಿಯಂತೆ ಜೋಡಿಸಿರುತ್ತಾರೆ. ಮಗು ತನ್ನ ಮೆಟ್ಟಿಲಿಗೆ ಸರಿಯಾದ ಕಾರ್ಡನ್ನು ತಾನೇ ತೆಗೆದುಕೊಂಡು, ಶಿಕ್ಷಕರ ಸಹಾಯದ ಗುಂಪು, ಗೆಳೆಯರ ಸಹಾಯದ ಗುಂಪು, ಸ್ವಕಲಿಕೆಯ ಗುಂಪು ಇವುಗಳಲ್ಲಿ ತಕ್ಕುದಕ್ಕೆ ಹೋಗಿ ಕೂರುತ್ತದೆ. ಮಕ್ಕಳು ಬರೆದ ಚಿತ್ರಗಳು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತವೆ. ಇದನ್ನು ಮೇಲಿನವರ ಆಜ್ಞೆಯಿಲ್ಲದೆ ಹಳ್ಳಿಯ ಶಿಕ್ಷಕರೇ ಮೊದಲು ಕಟ್ಟಿದರೆಂಬುದು ಅದರ ದೊಡ್ಡ ಬಲ.

ಬೆಲ್ ಕೊಂಡೊಯ್ದುದು ಹೀಗೆ ಎರಡು ಶತಮಾನಗಳ ಮೇಲೆ ಬೇರೊಂದು ದಾರಿಯಿಂದ ತಿರುಗಿ ಬಂದಿತೆನ್ನಬಹುದು. ಕೂಲಿಮಠದ ಭಯ ಇಲ್ಲಿಲ್ಲ. ಹೆಣ್ಣುಮಕ್ಕಳು ಅರುವತ್ತರ ಲೆಕ್ಕದಲ್ಲಿಲ್ಲ. ಇಷ್ಟಿದ್ದೂ ಏಣಿಯ ಮೆಟ್ಟಿಲುಗಳು ಮೊದಲೇ ಗೊತ್ತಾಗಿರುತ್ತವೆ. ಕಾರ್ಡಿನ ಉತ್ತರವೂ ಹೆಚ್ಚಾಗಿ ಗೊತ್ತಾದದ್ದೇ. ಆರೇಳು ವರ್ಷದ ಮಗುವಿಗೆ ಅಕ್ಷರ ಕಲಿಸುವುದರಲ್ಲಿ ಇದು ದೋಷವಲ್ಲ. ದೋಷ ಇರುವುದು, ಆ ಮಗು ಹದಿನೆಂಟು ವರ್ಷದವನಾಗಿ ಕಾಲೇಜಿಗೆ ಬಂದಾಗಲೂ ಅವನ ಮುಂದೆ ಮೆಟ್ಟಿಲುಗಳನ್ನು ಮಾತ್ರ ಇಡುವ ನಮ್ಮಲ್ಲಿ.

ಕಾಲೇಜಿನ ಮಟ್ಟದಲ್ಲಿ ಪ್ರಶ್ನಿಸುವುದನ್ನೇ ವಿದ್ಯಾಭ್ಯಾಸದ ತಿರುಳಾಗಿ ಭಾವಿಸಿದವರು ಇರಲಿಲ್ಲವೆಂದಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. ೧೯೭೬ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಪವಾಡ ಮತ್ತು ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದರು. ಅದರಿಂದ ಎದ್ದ ಕೋಲಾಹಲ ಪ್ರಸಿದ್ಧವಾದುದು. ನಾವು ಇಲ್ಲಿ ಎತ್ತಿ ಹೇಳಬೇಕೆಂದಿರುವುದು ಇಷ್ಟೇ: ಉಪನ್ಯಾಸ ವೇದಿಕೆಯೂ ಸಮಿತಿಯೂ ಪಠ್ಯಕ್ರಮದ ಹೊರಗಿದ್ದುವು. ಸಂಜೆಯ ಉಪನ್ಯಾಸದಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿ ಮಾರನೆಯ ಬೆಳಗ್ಗೆ ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದನು.

ಪಠ್ಯಕ್ರಮದ ಒಳಗೇ ಇದನ್ನು ಮಾಡಲು ಸಾಧ್ಯವೆ? ಚರಿತ್ರೆಯ ಮಟ್ಟಿಗೆ ಸಾಧ್ಯವೆಂಬುದಕ್ಕೆ ಬಾಗೂರಿನ ನೆರೆಯಿಂದಲೇ ಒ೦ದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇವೆ. ಮೌರ್ಯ ಚಂದ್ರಗುಪ್ತನು ರಾಜ್ಯವನ್ನು ತೊರೆದು ಭದ್ರಬಾಹುವಿನ ಶಿಷ್ಯನಾಗಿ ಶ್ರವಣಬೆಳಗೊಳಕ್ಕೆ ಬಂದು ಅಲ್ಲಿಯೇ ದೇಹವನ್ನು ಬಿಟ್ಟನೆಂಬುದು ಎಲ್ಲರೂ ಬಲ್ಲ ಐತಿಹ್ಯ. ಇದನ್ನು 'ನಿಜ' ಎಂದೋ 'ಕಟ್ಟುಕತೆ' ಎಂದೋ ಹೇಳಿ ಮುಗಿಸುವುದು ಸುಲಭ. ಅದಕ್ಕೆ ಬದಲಾಗಿ ಪ್ರಮಾಣಗಳನ್ನು ಕಾಲಾನುಕ್ರಮದಲ್ಲಿ ವಿದ್ಯಾರ್ಥಿಗಳ ಮುಂದೆ ಇಡಬಹುದು. ಚಿಕ್ಕಬೆಟ್ಟದ ಮೊದಲನೆಯ ಶಾಸನ ಸುಮಾರು ಕ್ರಿ. ಶ. ೬೦೦ರದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡು ಹೇಳಿದುದು, ಸಂಘವು ದಕ್ಷಿಣಕ್ಕೆ ಹೊರಟುದು, ಕಟವಪ್ರ ಬೆಟ್ಟದಲ್ಲಿ ಆಚಾರ್ಯ ಪ್ರಭಾಚಂದ್ರನು ಸಮಾಧಿಯನ್ನು ಸಾಧಿಸಿದುದು ಅದರಲ್ಲಿದೆ. ಚಂದ್ರಗುಪ್ತನೆಂಬ ಹೆಸರು ಅಲ್ಲಿಲ್ಲ. ಅಲ್ಲಿಂದ ಸುಮಾರು ಅರ್ಧ ಶತಮಾನದ ಮೇಲಿನ ಇನ್ನೊಂದು ಶಾಸನ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಜೋಡಿಯನ್ನು ನೆನೆಯುತ್ತದೆ, ಚಂದ್ರಗುಪ್ತನು ಅರಸನೆನ್ನುವುದಿಲ್ಲ. ಶ್ರೀರಂಗಪಟ್ಟಣದ ಬಳಿಯ, ಸುಮಾರು ೯೦೦ರ ಶಾಸನಗಳು ಬೆಟ್ಟದ ತುದಿಯಲ್ಲಿ ಇವರಿಬ್ಬರ ಹೆಜ್ಜೆಗುರುತುಗಳಿರುವುದಾಗಿ ಹೇಳುತ್ತವೆ. ೯೩೧ರ ಹರಿಷೇಣನ 'ಬೃಹತ್ಕಥಾಕೋಶ'ದಲ್ಲಿ ಅರಸನಾದ ಚಂದ್ರಗುಪ್ತನು ದೀಕ್ಷೆ ಪಡೆದು ಸಂಘವನ್ನು ದಕ್ಷಿಣಕ್ಕೆ ಕರೆತರುತ್ತಾನೆ. ಆದರೆ ಅವನ ದೀಕ್ಷಾನಾಮ ವಿಶಾಖಾಚಾರ್ಯ, ಪ್ರಭಾಚಂದ್ರನಲ್ಲ. ಕೊನೆಗೆ ೧೮೩೮ರ ದೇವಚಂದ್ರನ 'ರಾಜಾವಳೀಕಥೆ'ಯವರೆಗೆ ಕಥೆ ಬೆಳೆದುಬರುತ್ತದೆ.

ಈ ಸಾಮಗ್ರಿಯನ್ನು ಇಟ್ಟುಕೊಂಡು ವಿದ್ವಾಂಸರು ಹೇಗೆ ವಾದಿಸಿದರೆಂಬುದೂ ಪಾಠವೇ. ಪ್ರಭಾಚಂದ್ರನೇ ಚಂದ್ರಗುಪ್ತನೆಂದು ರೈಸರು ೧೮೮೯ರ ತಮ್ಮ ಶ್ರವಣಬೆಳಗೊಳದ ಸಂಪುಟದಲ್ಲಿ ಎತ್ತಿಹಿಡಿದರು. ಶಾಸನದ ಭದ್ರಬಾಹು ಬೇರೆ, ಪ್ರಭಾಚಂದ್ರನನ್ನು ಮೌರ್ಯನೆನ್ನಲು ಆಧಾರವಿಲ್ಲವೆಂದು ಫ್ಲೀಟ್ ಅದನ್ನು ಖಂಡಿಸಿದರು. ಮೊದಲು ಐತಿಹ್ಯವನ್ನು ಒಪ್ಪದಿದ್ದ ವಿನ್ಸೆಂಟ್ ಸ್ಮಿತ್ ಅನಂತರ ಮನಸ್ಸನ್ನು ಬದಲಿಸಿ ಅದು ಸ್ಥೂಲವಾಗಿ ಸತ್ಯವಿರಬಹುದೆಂದರು. ಚಂದ್ರಗುಪ್ತನಿಗೂ ಮೊದಲನೆಯ ಶಾಸನಕ್ಕೂ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವುಂಟು. ಅಷ್ಟು ಕಾಲ ಒಂದು ನೆನಪು ಉಳಿಯಬಲ್ಲುದೆ? ಉಳಿಯದೆಂದರೆ, ಜನರು ಬೇರೆ ಯಾವ ಅರಸನ ಹೆಸರನ್ನೂ ಬಿಟ್ಟು ಇವನದನ್ನೇ ಏಕೆ ಹಿಡಿದರು? ಹೆಸರುಗಳು ಮೂಲದಿಂದ ಮೂಲಕ್ಕೆ ಬದಲಾಗುವುದು ಕಥೆಯ ಸುಳ್ಳನ್ನು ತೋರಿಸುತ್ತದೆಯೆ, ಇಲ್ಲವೆ ಬೇರೆ ಬೇರೆ ಪರಂಪರೆಗಳು ಒಂದನ್ನೊಂದು ನಕಲು ಮಾಡಲಿಲ್ಲವೆಂಬುದನ್ನೆ? ಇವಕ್ಕೆ ಉತ್ತರ ಅಧ್ಯಾಪಕನ ಟಿಪ್ಪಣಿಯಲ್ಲಿ ಸಿದ್ಧವಾಗಿಲ್ಲ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಇರುವ ಪ್ರಮಾಣಗಳಿಂದ ಅರಸನ ಆಗಮನ ಸಿದ್ಧವಾಗುವುದಿಲ್ಲ. ಏಳನೆಯ ಶತಮಾನದ ಹೊತ್ತಿಗೆ ಬೆಟ್ಟದ ಮೇಲಿದ್ದವರು ಚಂದ್ರಗುಪ್ತನೆಂಬ ಮುನಿಯನ್ನು ನೆನೆಯುತ್ತಿದ್ದರೆಂಬುದು ಮಾತ್ರ ಸಿದ್ಧವಾಗುತ್ತದೆ. ಇದನ್ನು ಒಪ್ಪದ ವಿದ್ಯಾರ್ಥಿ, ಅದೇ ಪ್ರಮಾಣಗಳಿಂದ ವಾದಿಸುವುದಾದರೆ, ಒಪ್ಪಿದವನಷ್ಟೇ ಅಂಕಕ್ಕೆ ಅರ್ಹನು.

ಇಂಥ ಪಾಠಕ್ಕೆ ಎರಡು ಆಕ್ಷೇಪಣೆಗಳು ಬರುವುದುಂಟು. ಕಾಲ ಸಾಲದು, ಪಠ್ಯವನ್ನು ಮುಗಿಸಬೇಕೆಂಬುದು ಒಂದು. ವರ್ಷಕ್ಕೆ ಒಂದೇ ಪ್ರಶ್ನೆಯನ್ನು ಹೀಗೆ ಬಿಡಿಸಿದರೂ ಸಾಕೆಂಬುದು ಇದಕ್ಕೆ ಉತ್ತರ. ಸ್ಥಳೀಯ ವಿಷಯವನ್ನು ಎತ್ತಿಕೊಂಡರೆ ಊರಿನ ಅಭಿಮಾನವೋ ಮತದ ಅಭಿಮಾನವೋ ಕೆರಳೀತೆಂಬುದು ಇನ್ನೊಂದು. ಇದು ಹೆಚ್ಚು ಗಂಭೀರವಾದುದು. ಬೆಳಗೊಳದ ಐತಿಹ್ಯ ಅನೇಕರಿಗೆ ಶ್ರದ್ಧೆಯ ವಿಷಯ. ಆದರೆ ಶಾಸನವು ಏನನ್ನು ಹೇಳುತ್ತದೆ ಎಂಬ ಪ್ರಶ್ನೆಯೂ ಭಕ್ತನು ಏನನ್ನು ನಂಬಬೇಕು ಎಂಬ ಪ್ರಶ್ನೆಯೂ ಬೇರೆಯೆಂದು ಮೊದಲ ದಿನವೇ ಬಿಡಿಸಿ ಹೇಳಿದರೆ, ಹಳ್ಳಿಯ ವಿದ್ಯಾರ್ಥಿಗಳಿಗೆ ಈ ಭೇದ ತಿಳಿಯದೆ ಹೋಗುವುದಿಲ್ಲ. ಹೊಲದ ಗಡಿಯ ವ್ಯಾಜ್ಯದಲ್ಲಿ ಅಜ್ಜನ ಮಾತಿಗೂ ಪಹಣಿಯ ಬರಹಕ್ಕೂ ಇರುವ ವ್ಯತ್ಯಾಸವನ್ನು ಕಂಡು ಬೆಳೆದವರು ಅವರು.

ಬಾಗೂರಿನ ಕಡೆಯ ವಿದ್ಯಾರ್ಥಿಗೆ ಸಾಮಗ್ರಿ ಹೇರಳವಾಗಿದೆ. ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳು ಕೆತ್ತಿವೆ. ಯಾರು ಯಾವ ಗೋಡೆಯನ್ನು ಕಡೆದರು, ಇಬ್ಬರ ಕೈಯಲ್ಲಿ ಭೇದವೇನು ಎಂಬುದನ್ನು ಪುಸ್ತಕವಿಲ್ಲದೆ, ಕಣ್ಣಿನಿಂದಲೇ ಪರಿಶೀಲಿಸಬಹುದು. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು-ನವಿಲೆ ಸುರಂಗ ನೆಲದಡಿಯಲ್ಲಿಯೇ ಇದೆ. ಅದರ ಕಥೆಯನ್ನು ಸರ್ಕಾರದ ಕಡತದಿಂದಲೂ, ಅದನ್ನು ಅಗೆಯುವಾಗ ಕಂಡ ಊರಿನ ಹಿರಿಯರ ಬಾಯಿಂದಲೂ ಕೂಡಿಸಿ, ಎರಡೂ ಎಲ್ಲಿ ಹೊಂದುವುದಿಲ್ಲವೆಂದು ಗುರುತಿಸುವುದು ಒಂದು ವರ್ಷದ ಕೆಲಸ.

ಶಾಸನಗಳ ವಿಷಯದಲ್ಲಿ ಆರಂಭಕ್ಕೆ ತಕ್ಕ ಒಂದು ಅಭ್ಯಾಸವನ್ನು ಇಲ್ಲಿ ಸೂಚಿಸುತ್ತೇವೆ. ಶ್ರವಣಬೆಳಗೊಳದ ಸಂಪುಟ ಮೂರು ಬಾರಿ ಪ್ರಕಟವಾಗಿದೆ. ೧೮೮೯ರ ರೈಸರ ಆವೃತ್ತಿಯಲ್ಲಿ ೧೪೪ ಶಾಸನಗಳು, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದುದರಲ್ಲಿ ೫೦೦. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩. ಬೆಟ್ಟ ಅದೇ, ಬಂಡೆ ಅದೇ. ಹೆಚ್ಚಾದುದು ನೋಡಿದವರ ಕಣ್ಣು. ಒಂದೇ ಶಾಸನವನ್ನು ಮೂರು ಆವೃತ್ತಿಗಳಲ್ಲಿಯೂ ತೆಗೆದು, ಪಾಠ ಎಲ್ಲಿ ಬದಲಾಗಿದೆ, ಒಬ್ಬರು ಓದಿದುದನ್ನು ಇನ್ನೊಬ್ಬರು ಏಕೆ ಬೇರೆಯಾಗಿ ಓದಿದರು ಎಂದು ವಿದ್ಯಾರ್ಥಿಯು ಪಟ್ಟಿಮಾಡಲಿ. ಆಮೇಲೆ ಕಲ್ಲಿನ ಮುಂದೆ ಹೋಗಿ ನಿಲ್ಲಲಿ. ಶಾಸನವನ್ನು ಅಚ್ಚುಮಾಡುವಾಗ ಅಳಿಸಿಹೋದ ಅಕ್ಷರಗಳಿರುವ ಕಡೆ ಚುಕ್ಕೆಗಳನ್ನು ಹಾಕುವ ವಾಡಿಕೆಯಿದೆ. ನಕಲು ಮಾಡಿಕೊಳ್ಳುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆ ಚುಕ್ಕೆಗಳನ್ನು ಬಿಟ್ಟು ಮುಂದಿನ ಅಕ್ಷರವನ್ನು ಕೂಡಿಸಿ ಬರೆದುಬಿಡುತ್ತಾರೆ. ಚುಕ್ಕೆಗಳನ್ನೂ ಎಣಿಸಿ ಬರೆಯುವಂತೆ ಅವರಿಗೆ ಮೊದಲು ಹೇಳಬೇಕು.